ಮೇಧಾವಿ ಮಗುವಿಗೆ ತಕ್ಕ ವಿದ್ಯಾಸ್ಥಾನ: ಬಳ್ಳಿಗಾವೆ ನಾಡಿನ ಸಾಕ್ಷ್ಯ

ಅಸಾಧಾರಣ ಗ್ರಹಣಶಕ್ತಿಯುಳ್ಳ ಮಗುವೊಂದು ಮನೆಯಲ್ಲಿ ಬೆಳೆಯುತ್ತಿದೆಯೆಂದರೆ ಆ ಕುಟುಂಬಕ್ಕೆ ಸಂತೋಷದೊಡನೆ ಒಂದು ಚಿಂತೆಯೂ ಬರುತ್ತದೆ. ಒಮ್ಮೆ ಕೇಳಿದುದನ್ನು ಮರೆಯದ, ತನ್ನ ವಯಸ್ಸಿಗೆ ಮೀರಿದ ಪ್ರಶ್ನೆಗಳನ್ನು ಕೇಳುವ ಮಗುವನ್ನು ಎಲ್ಲಿ ಓದಿಸಬೇಕು? ಊರಿನ ಶಾಲೆಯೇ ಸಾಕೆ, ದೂರದ ಹೆಸರಾಂತ ವಿದ್ಯಾಲಯಕ್ಕೆ ಕಳುಹಿಸಬೇಕೆ? ಈ ಪ್ರಶ್ನೆಗೆ ಸಾಮಾನ್ಯವಾಗಿ ದೊರೆಯುವ ಉತ್ತರವು ಶಾಲೆಯ ಕೀರ್ತಿಯನ್ನೂ ಪರೀಕ್ಷೆಯ ಫಲಿತಾಂಶವನ್ನೂ ಅವಲಂಬಿಸಿರುತ್ತದೆ. ಆದರೆ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಪ್ರಾಚೀನ ಇತಿಹಾಸವು ಇದಕ್ಕಿಂತ ಸೂಕ್ಷ್ಮವಾದ ಒಂದು ಅಳತೆಗೋಲನ್ನು ಒದಗಿಸುತ್ತದೆ. ಬನವಾಸಿ ಪನ್ನಿರ್ಚ್ಛಾಸಿರಕ್ಕೆ ಸೇರಿದ್ದ ಈ ನೆಲದಲ್ಲಿ ತಾಳಗುಂದ, ಬಳ್ಳಿಗಾವೆ, ಬಂದಳಿಕೆ, ಕುಪ್ಪಟೂರು, ಉದ್ರಿಗಳಂಥ ಊರುಗಳು ವಿದ್ಯೆಗೂ ಧರ್ಮಕ್ಕೂ ನೆಲೆಯಾಗಿದ್ದವು. ಅವುಗಳ ಕಲ್ಲುಬರಹಗಳಲ್ಲಿ ವಿದ್ಯಾರ್ಥಿಯ ಸುಖದುಃಖದ ಕಥೆಯೂ ಅಡಗಿದೆ.

ಮೊದಲ ಕಥೆ ತಾಳಗುಂದದ ಬಾಲಕನದು. ಇಂದಿನ ಶಿಕಾರಿಪುರ ತಾಲ್ಲೂಕಿನ ಈ ಗ್ರಾಮಕ್ಕೆ ಆಗ ಸ್ಥಾನಕುಂದೂರು ಎಂಬ ಹೆಸರಿತ್ತು. ಅಲ್ಲಿನ ಪ್ರಣವೇಶ್ವರ ದೇವಾಲಯದ ಮುಂದಿನ ಸ್ತಂಭದ ಮೇಲೆ ಕುಬ್ಜನೆಂಬ ಕವಿಯು ರಚಿಸಿದ ಸಂಸ್ಕೃತ ಶಾಸನವಿದೆ. ಕ್ರಿ.ಶ. 5ನೆಯ ಶತಮಾನದ ಈ ಶಾಸನವು ಕದಂಬ ವಂಶದ ಮೂಲಪುರುಷನಾದ ಮಯೂರಶರ್ಮನ ವೃತ್ತಾಂತವನ್ನು ತಿಳಿಸುತ್ತದೆ. ವೇದಾಧ್ಯಯನದಲ್ಲಿ ನಿರತವಾದ ಮನೆತನದಲ್ಲಿ ಹುಟ್ಟಿದ ಮಯೂರಶರ್ಮನು ತನ್ನ ಗುರುವಾದ ವೀರಶರ್ಮನೊಡನೆ ಪಲ್ಲವರ ರಾಜಧಾನಿಯಾದ ಕಾಂಚಿಗೆ ಹೋಗಿ, ಅಲ್ಲಿನ ಘಟಿಕೆಯನ್ನು ಸೇರಿದನು. ಸಮಸ್ತ ಶಾಸ್ತ್ರವನ್ನೂ ಕಲಿಯಬೇಕೆಂಬುದು ಅವನ ಹಂಬಲವಾಗಿತ್ತು. 4ನೆಯ ಶತಮಾನದ ದಕ್ಷಿಣ ಭಾರತದಲ್ಲಿ ಕಾಂಚಿಯ ಘಟಿಕೆಗಿಂತ ಹೆಸರಾಂತ ವಿದ್ಯಾಸ್ಥಾನವನ್ನು ಹುಡುಕುವುದು ಕಷ್ಟ. ನೂರಾರು ಮೈಲಿಗಳ ದಾರಿಯನ್ನು ಲೆಕ್ಕಿಸದೆ, ಮೇಧಾವಿಯೊಬ್ಬನಿಗೆ ತಕ್ಕುದೆಂದು ತೋರಿದ ಸ್ಥಳವನ್ನೇ ಗುರುಶಿಷ್ಯರು ಆರಿಸಿಕೊಂಡಿದ್ದರು.

ಮುಂದೆ ನಡೆದುದು ಪ್ರಸಿದ್ಧ. ಪಲ್ಲವರ ಅಶ್ವಾರೋಹಿಯೊಡನೆ ಕಲಹವಾಗಿ ಮಯೂರಶರ್ಮನು ಅವಮಾನಿತನಾದನು. ಗುರುಕುಲದಲ್ಲಿ ಸೇವೆ ಸಲ್ಲಿಸಿ, ತನ್ನ ಶಾಖೆಯನ್ನು ಶ್ರಮದಿಂದ ಅಧ್ಯಯನ ಮಾಡಿದರೂ ವಿದ್ಯೆಯ ಸಿದ್ಧಿಯು ಅರಸರ ಕೃಪೆಗೆ ಅಧೀನವಾಗಿರುವುದಾದರೆ ಅದಕ್ಕಿಂತ ದುಃಖವುಂಟೆ ಎಂದು ಅವನು ಕೊರಗಿದನೆಂದು ಶಾಸನವು ಹೇಳುತ್ತದೆ. ದರ್ಭೆಯನ್ನೂ ಸಮಿತ್ತನ್ನೂ ಹಿಡಿಯುತ್ತಿದ್ದ ಕೈ ಖಡ್ಗವನ್ನು ಹಿಡಿಯಿತು. ಕನ್ನಡ ನಾಡಿಗೆ ಒಂದು ರಾಜವಂಶ ದೊರೆಯಿತೆಂದು ಇತಿಹಾಸಕಾರರು ಇದನ್ನು ಕೊಂಡಾಡುತ್ತಾರೆ. ಅದು ಸರಿಯೇ. ಆದರೆ ವಿದ್ಯಾರ್ಥಿಯ ದೃಷ್ಟಿಯಿಂದ ನೋಡಿದರೆ ಓದಲು ಹೋದ ಒಬ್ಬ ಪ್ರತಿಭಾವಂತನು ಓದನ್ನು ಅರ್ಧಕ್ಕೆ ಬಿಟ್ಟು, ಕೋಪವನ್ನು ಹೊತ್ತು ಹೊರಬಿದ್ದ ಪ್ರಸಂಗವಿದು. ಕಾಂಚಿಯಲ್ಲಿ ಶಾಸ್ತ್ರಕ್ಕೆ ಕೊರತೆಯಿರಲಿಲ್ಲ. ಪರಸ್ಥಳದ ವಿದ್ಯಾರ್ಥಿಗೆ ಅಲ್ಲಿ ದೊರೆಯದೆ ಹೋದುದು ಅಭಯ.

ತಾಳಗುಂದಕ್ಕೆ ಸಮೀಪದಲ್ಲಿಯೇ ಬಳ್ಳಿಗಾವೆಯಿದೆ. ಕಲ್ಯಾಣದ ಚಾಲುಕ್ಯರ ಮತ್ತು ಕಳಚುರ್ಯರ ಕಾಲದಲ್ಲಿ ಇದು ಬನವಾಸಿ ನಾಡಿನ ಪ್ರಧಾನ ಪಟ್ಟಣ. ಇಲ್ಲಿನ ದಕ್ಷಿಣ ಕೇದಾರೇಶ್ವರ ದೇವಾಲಯಕ್ಕೆ ಹೊಂದಿಕೊಂಡಿದ್ದ ಕೋಡಿಯ ಮಠವು ಕಾಳಾಮುಖ ಶೈವರ ವಿದ್ಯಾಕೇಂದ್ರವಾಗಿತ್ತು. ಕ್ರಿ.ಶ. 1162ರ ಶಾಸನವೊಂದು ಈ ಮಠವನ್ನು ವಿಸ್ತಾರವಾಗಿ ವರ್ಣಿಸುತ್ತದೆ. ಅಲ್ಲಿ ನಾಲ್ಕು ವೇದಗಳ ಸಾಂಗವಾದ ಅಧ್ಯಯನ ನಡೆಯುತ್ತಿತ್ತು. ಕೌಮಾರ, ಪಾಣಿನೀಯ, ಶಾಕಟಾಯನ ಮೊದಲಾದ ವ್ಯಾಕರಣಗಳಿಗೂ ನ್ಯಾಯ, ವೈಶೇಷಿಕ, ಮೀಮಾಂಸಾ, ಸಾಂಖ್ಯ, ಬೌದ್ಧಾದಿ ದರ್ಶನಗಳಿಗೂ ವ್ಯಾಖ್ಯಾನ ನಡೆಯುತ್ತಿತ್ತು. ಯೋಗಶಾಸ್ತ್ರ, ಪುರಾಣ, ಧರ್ಮಶಾಸ್ತ್ರ, ಕಾವ್ಯ, ನಾಟಕ, ನೃತ್ಯಗಳಿಗೂ ಅಲ್ಲಿ ಸ್ಥಾನವಿತ್ತು.

ಈ ಪಟ್ಟಿಯಲ್ಲಿ ಜೈನ ಓದುಗರ ಗಮನವನ್ನು ಸೆಳೆಯಬೇಕಾದ ಹೆಸರು ಶಾಕಟಾಯನ. ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, 9ನೆಯ ಶತಮಾನದಲ್ಲಿದ್ದ ಪಾಲ್ಯಕೀರ್ತಿ ಶಾಕಟಾಯನನು ಯಾಪನೀಯ ಸಂಘದ ಜೈನ ಯತಿ. ತನ್ನ ವ್ಯಾಕರಣಕ್ಕೆ ಅವನೇ ಬರೆದ ವೃತ್ತಿಗೆ ಅಮೋಘವೃತ್ತಿಯೆಂದು ಹೆಸರು. ಶೈವ ಮಠವೊಂದು ಜೈನ ಯತಿಯ ವ್ಯಾಕರಣವನ್ನು ತನ್ನ ಪಾಠಕ್ರಮದ ಹೆಮ್ಮೆಯೆಂದು ಕಲ್ಲಿನಲ್ಲಿ ಕೆತ್ತಿಸಿತು. ತಾನು ಒಪ್ಪದ ಬೌದ್ಧ ದರ್ಶನವನ್ನೂ ಬೋಧಿಸಿತು. ತೀಕ್ಷ್ಣಮತಿಯಾದ ವಿದ್ಯಾರ್ಥಿಗೆ ತನ್ನ ಮನೆಯ ಮತವನ್ನು ಮಾತ್ರ ಹೇಳಿಕೊಟ್ಟರೆ ಸಾಲದು. ಎದುರು ಪಕ್ಷದ ವಾದವನ್ನೂ ಅದರ ಪೂರ್ಣ ಬಲದಲ್ಲಿ ಕೇಳಿಸಬೇಕು ಎಂಬ ತಿಳಿವಳಿಕೆ ಇದರ ಹಿಂದೆ ಇದೆ. ಅನೇಕಾಂತವನ್ನು ಒಪ್ಪುವ ಸಮಾಜಕ್ಕೆ ಈ ಮಾತು ಹೊಸತಲ್ಲ.

ಅದೇ ಶಾಸನವು ವಿದ್ಯೆಯ ಪಟ್ಟಿಯನ್ನು ಮುಗಿಸಿ ಅಲ್ಲಿಗೇ ನಿಲ್ಲುವುದಿಲ್ಲ. ದೀನರಿಗೂ ಅನಾಥರಿಗೂ ಕುಂಟರು, ಕುರುಡರು, ಕಿವುಡರಿಗೂ ಕಥೆ ಹೇಳುವವರು, ಹಾಡುವವರು, ನುಡಿಸುವವರಿಗೂ ಮಠದಲ್ಲಿ ಅನ್ನವಿತ್ತೆಂದು ಹೇಳುತ್ತದೆ. ರೋಗಿಗಳಾದ ಅನಾಥರಿಗೆ ಚಿಕಿತ್ಸೆಯಿತ್ತೆಂದು ಹೇಳುತ್ತದೆ. ಸಕಲ ಜೀವಿಗಳಿಗೂ ಅಭಯವನ್ನೀಯುವ ಸ್ಥಾನವದು ಎಂದು ಮುಗಿಸುತ್ತದೆ. ಅನ್ನ, ಔಷಧ, ವಿದ್ಯೆ, ಅಭಯ ಎಂಬ ಈ ನಾಲ್ಕನ್ನು ಒಟ್ಟಿಗೆ ಓದಿದಾಗ ಶ್ರಾವಕರಿಗೆ ಥಟ್ಟನೆ ಹೊಳೆಯುವುದು ಚತುರ್ವಿಧ ದಾನ. ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿ ವಿನೋದವನ್ನು ಕಾಣುವವನು ಎಂಬುದು ಹೊಯ್ಸಳ ದಂಡನಾಯಕ ಗಂಗರಾಜನಂಥ ಜೈನ ದಾನಿಗಳಿಗೆ ಶಾಸನಗಳು ಕೊಟ್ಟ ಬಿರುದು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವಾದರೋ ಯತಿಗಳ ವೈಯಾವೃತ್ಯವನ್ನು ಹೇಳುವಾಗ ಆಹಾರ ಮತ್ತು ಔಷಧಗಳೊಡನೆ ಉಪಕರಣವನ್ನೂ ಆವಾಸವನ್ನೂ ಹೇಳುತ್ತದೆ. ಯತಿಗಳ ವಿಷಯದಲ್ಲಿ ಹೇಳಿದ ಮಾತಾದರೂ ಓದುವ ಮಗುವಿಗೆ ಪುಸ್ತಕವೂ ವಸತಿಯೂ ಬೇಕೆಂಬುದನ್ನು ಅದರಿಂದ ಗ್ರಹಿಸಲು ಅಡ್ಡಿಯಿಲ್ಲ.

ಹೀಗೆ ಕೋಡಿಯ ಮಠದ ಶಾಸನದಿಂದ ಒಂದು ಅಳತೆಗೋಲು ದೊರೆಯುತ್ತದೆ. ಮೇಧಾವಿ ಮಗುವಿಗೆ ತಕ್ಕ ವಿದ್ಯಾಸ್ಥಾನವೆಂದರೆ ನಾಲ್ಕು ದಾನಗಳೂ ಒಂದೆಡೆ ಸಲ್ಲುವ ಸ್ಥಾನ. ಶಾಸ್ತ್ರದಾನದಲ್ಲಿ ಎಷ್ಟೇ ಸಂಪನ್ನವಾದ ಶಾಲೆಯಾದರೂ ಉಳಿದ ಮೂರರಲ್ಲಿ ಬಡವಾಗಿದ್ದರೆ ಆ ವಿದ್ಯೆಯು ಮಗುವಿಗೆ ಮೈಗೂಡುವುದು ಕಷ್ಟ. ಮಠವು ಇಂದಿನ ಅರ್ಥದಲ್ಲಿ ಎಲ್ಲರಿಗೂ ತೆರೆದ ಶಾಲೆಯಾಗಿತ್ತೆಂದು ಇದರಿಂದ ಹೇಳಲಾಗದು. ಅಂದಿನ ಅಗ್ರಹಾರಗಳ ಉನ್ನತ ವಿದ್ಯೆಯು ಕುಲದ ಎಲ್ಲೆಯನ್ನು ದಾಟಿದುದು ವಿರಳ. ಮಠಕ್ಕೆ ಬಂದು ಉಂಡು ಹೋದ ಬಡವರ ಮಕ್ಕಳಲ್ಲಿ ಎಷ್ಟು ಮಂದಿ ಮೇಧಾವಿಗಳಿದ್ದರೋ ಶಾಸನದಲ್ಲಿ ಅದಕ್ಕೆ ಉತ್ತರವಿಲ್ಲ. ಆದರೂ ಆದರ್ಶವೆಂದು ಅಂದಿನವರು ಕಲ್ಲಿನಲ್ಲಿ ಬರೆಸಿದುದು ಯಾವುದನ್ನು ಎಂಬುದು ಮುಖ್ಯ.

ಬಳ್ಳಿಗಾವೆಯ ಈ ವಾತಾವರಣದಲ್ಲಿ ಜೈನರು ಪರಕೀಯರಾಗಿರಲಿಲ್ಲ. ಕ್ರಿ.ಶ. 1068ರಲ್ಲಿ, ಚಾಲುಕ್ಯ ಭುವನೈಕಮಲ್ಲನ ಅಧೀನದಲ್ಲಿ ಬನವಾಸಿ ನಾಡನ್ನು ಆಳುತ್ತಿದ್ದ ಲಕ್ಷ್ಮಣನೃಪನ ಅಧಿಕಾರಿಯಾಗಿದ್ದ ಶಾಂತಿನಾಥನು ತನ್ನ ಒಡೆಯನನ್ನು ಒಪ್ಪಿಸಿ, ಮರದಲ್ಲಿದ್ದ ಮಲ್ಲಿಕಾಮೋದ ಶಾಂತಿನಾಥ ಬಸದಿಯನ್ನು ಕಲ್ಲಿನಲ್ಲಿ ಕಟ್ಟಿಸಿದನು. ಸೊರಬ ತಾಲ್ಲೂಕಿನ ಕುಪ್ಪಟೂರಿನಲ್ಲಿ ಕದಂಬ ಕೀರ್ತಿದೇವನ ರಾಣಿ ಮಾಳಲದೇವಿಯು 1077ರಲ್ಲಿ ಪಾರ್ಶ್ವದೇವ ಚೈತ್ಯಾಲಯವನ್ನು ಪದ್ಮನಂದಿ ಸಿದ್ಧಾಂತದೇವರಿಂದ ಪ್ರತಿಷ್ಠೆ ಮಾಡಿಸಿ, ಊರಿನ ಬ್ರಾಹ್ಮಣರನ್ನು ಸತ್ಕರಿಸಿ, ಅವರಿಂದಲೇ ಅದಕ್ಕೆ ಬ್ರಹ್ಮಜಿನಾಲಯವೆಂಬ ಹೆಸರನ್ನು ಪಡೆದಳು. ಇಂಥ ನೆರೆಹೊರೆಯೂ ಒಂದು ಶಾಲೆಯೇ.

ಆ ಶಾಂತಿನಾಥನು ಅಧಿಕಾರಿ ಮಾತ್ರನಲ್ಲ, ಕವಿ. ಸುಕುಮಾರಚರಿತೆಯೆಂಬ ಚಂಪೂಕಾವ್ಯವು ಅವನದು. ಅವನು ಕಾವ್ಯಕ್ಕೆ ಆರಿಸಿಕೊಂಡ ಸುಕುಮಾರಸ್ವಾಮಿಯ ಕಥೆಯು ಅದಕ್ಕೂ ಮೊದಲು ವಡ್ಡಾರಾಧನೆಯಲ್ಲಿ ಕನ್ನಡ ಗದ್ಯವಾಗಿ ಬಂದಿತ್ತು. ಮಕ್ಕಳ ವಿದ್ಯಾಭ್ಯಾಸದ ಬಗೆಗೆ ಆ ಕಥೆಯಷ್ಟು ಗಾಢವಾಗಿ ಯೋಚಿಸಲು ಹಚ್ಚುವ ಹಳೆಯ ಕಥೆಗಳು ಕನ್ನಡದಲ್ಲಿ ವಿರಳ.

ವಡ್ಡಾರಾಧನೆಯ ಕಥೆಯಂತೆ ಕೌಶಂಬಿಯ ರಾಜಪುರೋಹಿತ ಸೋಮಶರ್ಮನಿಗೆ ಅಗ್ನಿಭೂತಿ, ವಾಯುಭೂತಿ ಎಂಬ ಇಬ್ಬರು ಮಕ್ಕಳು. ಮುದ್ದಿನಲ್ಲಿ ಬೆಳೆದ ಅವರು ಏನನ್ನೂ ಓದಲಿಲ್ಲ. ತಂದೆ ತೀರಿಕೊಂಡಾಗ ಪದವಿಯು ಕೈತಪ್ಪಿತು. ತಾಯಿ ಕಾಶ್ಯಪಿಯು ಮಕ್ಕಳನ್ನು ರಾಜಗೃಹದಲ್ಲಿದ್ದ ಹತ್ತಿರದ ಬಂಧು, ಮಹಾವಿದ್ವಾಂಸನಾದ ಸೂರ್ಯಮಿತ್ರನ ಬಳಿಗೆ ಕಳುಹಿಸಿದಳು. ನಂಟನೆಂದು ತಿಳಿದರೆ ಇವರು ಮತ್ತೆ ಸುಖಕ್ಕೆ ಬಿದ್ದು ಓದಲಾರರೆಂದು ಎಣಿಸಿದ ಸೂರ್ಯಮಿತ್ರನು ತನಗೂ ಅವರಿಗೂ ಸಂಬಂಧವೇ ಇಲ್ಲವೆಂದನು; ಭಿಕ್ಷೆ ಬೇಡಿ ಉಂಡು ಓದುವುದಾದರೆ ಕಲಿಸುವೆನೆಂದನು. ಏಳೆಂಟು ವರ್ಷಗಳಲ್ಲಿ ಅಣ್ಣತಮ್ಮಂದಿರಿಬ್ಬರೂ ವೇದವೇದಾಂಗಗಳಲ್ಲಿಯೂ ಶಾಸ್ತ್ರಗಳಲ್ಲಿಯೂ ಪಾರಂಗತರಾದರು. ಆಗ ಸೂರ್ಯಮಿತ್ರನು ಅವರನ್ನು ಸತ್ಕರಿಸಿ, ತಾನು ನಂಟನೆಂಬ ನಿಜವನ್ನು ತಿಳಿಸಿ ಕಳುಹಿಸಿದನು.

ಕಥೆಯ ತಿರುವು ಇರುವುದು ಇಲ್ಲಿಯೇ. ತಮ್ಮ ಒಳಿತಿಗಾಗಿ ಗುರುವು ಕಠಿಣನಾದನೆಂದು ಅಗ್ನಿಭೂತಿಯು ಕೃತಜ್ಞನಾದನು. ನಂಟನಾಗಿದ್ದೂ ತಿರಿದುಣ್ಣುವಂತೆ ಮಾಡಿದನೆಂದು ವಾಯುಭೂತಿಯು ಒಳಗೊಳಗೇ ಹಗೆ ಸಾಧಿಸಿದನು. ಮುಂದೆ ಸೂರ್ಯಮಿತ್ರನು ಜೈನ ಮುನಿಯಾಗಿ ಕೌಶಂಬಿಗೆ ಬಂದಾಗ ಅಗ್ನಿಭೂತಿಯು ಭಕ್ತಿಯಿಂದ ಆಹಾರದಾನ ಮಾಡಿದರೆ ವಾಯುಭೂತಿಯು ಅವನನ್ನು ನಿಂದಿಸಿದನು. ಆ ಪಾಪದ ಫಲವಾಗಿ ಅವನು ರೋಗಕ್ಕೆ ತುತ್ತಾಗಿ, ಹೀನ ಜನ್ಮಗಳಲ್ಲಿ ತೊಳಲಿ, ಕಡೆಗೆ ಸುಕುಮಾರನಾಗಿ ಹುಟ್ಟುತ್ತಾನೆ.

ಒಬ್ಬನೇ ಗುರು, ಒಂದೇ ಪಾಠ, ಒಂದೇ ಭಿಕ್ಷಾಪಾತ್ರೆ, ಇಬ್ಬರೂ ಪಂಡಿತರಾದರು. ಪರೀಕ್ಷೆಯ ಲೆಕ್ಕದಲ್ಲಿ ಹೇಳುವುದಾದರೆ ಸೂರ್ಯಮಿತ್ರನ ಶಾಲೆಯ ಫಲಿತಾಂಶವು ನೂರಕ್ಕೆ ನೂರು. ಆದರೆ ಆ ಫಲಿತಾಂಶದ ಒಳಗೆ ಒಬ್ಬನಲ್ಲಿ ವಿನಯವೂ ಇನ್ನೊಬ್ಬನಲ್ಲಿ ಕ್ರೋಧಮಾನಗಳೂ ಬೆಳೆದಿದ್ದವು. ಕಥೆಯು ದೋಷವನ್ನು ವಾಯುಭೂತಿಯ ಕಷಾಯದಲ್ಲಿ ಕಾಣುತ್ತದೆ. ಕರ್ಮಸಿದ್ಧಾಂತಕ್ಕೆ ಅದು ಸಹಜ. ತನ್ನ ಕೋಪಕ್ಕೆ ತಾನೇ ಹೊಣೆಯೆಂಬುದು ವಿದ್ಯಾರ್ಥಿಗೆ ಪಾಠ. ಮಕ್ಕಳನ್ನು ಓದಿಸುವ ಹಿರಿಯರಿಗೆ ಇದರಲ್ಲಿ ಬೇರೊಂದು ಪಾಠವಿದೆ. ಒಂದು ಮಗುವನ್ನು ಗಟ್ಟಿಗೊಳಿಸುವ ಕಟ್ಟುಪಾಡು ಅದೇ ಮನೆಯ ಮತ್ತೊಂದು ಮಗುವಿಗೆ ಮಾಯದ ಗಾಯವಾಗಬಹುದು. ಅಣ್ಣನಿಗೆ ಒಗ್ಗಿತೆಂಬ ಕಾರಣಕ್ಕೆ ತಮ್ಮನನ್ನೂ ಅದೇ ಶಾಲೆಗೆ ದೂಡುವ ಮೊದಲು ಅವನ ಸ್ವಭಾವವನ್ನು ಅರಿಯಬೇಕು. ಏಳೆಂಟು ವರ್ಷಗಳಲ್ಲಿ ವಾಯುಭೂತಿಯ ಮುಖವನ್ನು ನೋಡಿ, ಅವನ ಮನಸ್ಸಿನಲ್ಲಿ ಏನು ಬೆಳೆಯುತ್ತಿದೆಯೆಂದು ಕೇಳಿದವರು ಕಥೆಯಲ್ಲಿ ಯಾರೂ ಇಲ್ಲ.

ಅದೇ ಕಥೆಯ ಉತ್ತರಾರ್ಧದಲ್ಲಿ ಇದಕ್ಕೆ ವಿರುದ್ಧವಾದ ಅತಿಯೂ ಇದೆ. ಮುನಿಗಳನ್ನು ಕಂಡರೆ ಮಗನು ವಿರಕ್ತನಾಗುವನೆಂಬ ಭವಿಷ್ಯವನ್ನು ಕೇಳಿದ ತಾಯಿ ಯಶೋಭದ್ರೆಯು ಸುಕುಮಾರನನ್ನು ಮಹಲಿನೊಳಗೇ ಭೋಗದಲ್ಲಿ ಮುಳುಗಿಸಿ ಬೆಳೆಸಿದಳು. ಮುನಿಗಳಿಗೆ ಆ ಮನೆಯ ಬಾಗಿಲು ಮುಚ್ಚಿತು. ಆದರೂ ಸಮೀಪದಿಂದ ಕೇಳಿಬಂದ ಮುನಿಯ ಪಾಠದ ಧ್ವನಿಯೊಂದೇ ಅವನನ್ನು ಎಚ್ಚರಿಸಲು ಸಾಕಾಯಿತು. ಮಗುವಿನ ಒಳಗಿನ ಒಲವು ಯಾವುದೆಂದು ತಿಳಿದೂ ಅದನ್ನು ಮುಚ್ಚಿಡುವ ಮಮತೆಯು ಫಲಿಸದು. ಗಣಿತದಲ್ಲೋ ಸಂಗೀತದಲ್ಲೋ ಭಾಷೆಯಲ್ಲೋ ಆಸಕ್ತವಾದ ಮಗುವಿಗೆ ತಮಗೆ ಬೇಕಾದ ವೃತ್ತಿಯ ದಾರಿಯನ್ನು ಮಾತ್ರ ತೋರಿಸುವ ತಂದೆತಾಯಿಗಳು ಯಶೋಭದ್ರೆಯನ್ನು ನೆನೆಯುವುದು ಒಳ್ಳೆಯದು.

ಇನ್ನು ಬಡವರ ಮನೆಯ ಮೇಧಾವಿಯ ವಿಷಯ. ಇದಕ್ಕೆ ರನ್ನನಿಗಿಂತ ಉತ್ತಮ ನಿದರ್ಶನವಿಲ್ಲ. ಕ್ರಿ.ಶ. 949ರಲ್ಲಿ ಮುದುವೊಳಲಿನಲ್ಲಿ, ಅಂದರೆ ಇಂದಿನ ಮುಧೋಳದಲ್ಲಿ, ಬಳೆಗಾರರ ಮನೆತನದ ಜಿನವಲ್ಲಭ ಮತ್ತು ಅಬ್ಬಲಬ್ಬೆಯರ ಮಗನಾಗಿ ಅವನು ಹುಟ್ಟಿದನು. ಊರನ್ನು ಬಿಟ್ಟು ದಕ್ಷಿಣದ ಗಂಗರ ನಾಡಿಗೆ ಬಂದ ಅವನಿಗೆ ಅಜಿತಸೇನಾಚಾರ್ಯರು ಗುರುಗಳಾಗಿಯೂ ಚಾವುಂಡರಾಯನು ಆಶ್ರಯದಾತನಾಗಿಯೂ ದೊರೆತರು. ಬನವಾಸಿ ನಾಡಿಗೆ ಸೇರಿದ ಬಂಕಾಪುರವು ಅಂದು ಜೈನ ವಿದ್ಯೆಯ ನೆಲೆ. 974ರಲ್ಲಿ ಗಂಗ ಮಾರಸಿಂಹನು ಅದೇ ಅಜಿತಸೇನರ ಸನ್ನಿಧಿಯಲ್ಲಿ ಸಲ್ಲೇಖನವನ್ನು ಕೈಗೊಂಡುದು ಬಂಕಾಪುರದಲ್ಲಿಯೇ. ಬಳೆಗಾರರ ಮಗನು ಕವಿಚಕ್ರವರ್ತಿಯಾಗಲು ಅವನ ಪ್ರತಿಭೆಯೊಂದೇ ಸಾಲಲಿಲ್ಲ. ಕುಲವನ್ನು ಕೇಳದೆ ಕಲಿಸುವ ಗುರುವೂ ಕಲಿಯುವ ಕಾಲದಲ್ಲಿ ಅನ್ನಕ್ಕೆ ಆತಂಕವಾಗದಂತೆ ನೋಡುವ ದಾನಿಯೂ ಬೇಕಾಯಿತು. ತನ್ನ ಬಳೆಗಾರ ಕುಲವನ್ನು ಮುಚ್ಚಿಡದೆ ಕಾವ್ಯದಲ್ಲಿ ಹೇಳಿಕೊಳ್ಳುವ ಧೈರ್ಯವನ್ನೂ ಅವನು ಪಡೆದನು. ಅಭಯದಾನದ ಫಲವೆಂದರೆ ಅದೇ.

ಹೆಣ್ಣುಮಕ್ಕಳ ಮಾತನ್ನು ಆಡದೆ ಈ ವಿಚಾರವು ಪೂರ್ಣವಾಗದು. ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯು ಪ್ರಾಚೀನ ಜೈನ ತೀರ್ಥ. 10ನೆಯ ಶತಮಾನದ ಆರಂಭದಲ್ಲಿ ನಾಗರಖಂಡ ಎಪ್ಪತ್ತರ ನಾಳ್ಗಾವುಂಡ ಸತ್ತರಸ ನಾಗಾರ್ಜುನನು ಮಡಿದಾಗ ರಾಷ್ಟ್ರಕೂಟ ದೊರೆಯು ಆ ಹೊಣೆಯನ್ನು ಅವನ ಪತ್ನಿ ಜಕ್ಕಿಯಬ್ಬೆಗೆ ವಹಿಸಿದನು. ಹೆಣ್ಣಾದರೂ ಆಡಳಿತದಲ್ಲಿ ಸಮರ್ಥಳೆಂದೂ ಜಿನಶಾಸನದಲ್ಲಿ ಭಕ್ತೆಯೆಂದೂ ಶಾಸನವು ಅವಳನ್ನು ಹೊಗಳುತ್ತದೆ. ರೋಗ ಬಂದಾಗ ಅಧಿಕಾರವನ್ನು ಮಗಳಿಗೆ ಒಪ್ಪಿಸಿ, ಬಂದಳಿಕೆಯ ಬಸದಿಯಲ್ಲಿ ಸಲ್ಲೇಖನವನ್ನು ಸ್ವೀಕರಿಸಿದಳು. ಇಂಥ ಸಾಮರ್ಥ್ಯವು ಒಂದು ದಿನದಲ್ಲಿ ಬರುವುದಲ್ಲ. ಗಂಡನು ಮಡಿದ ಮೇಲೆ ಬೆಳಕಿಗೆ ಬಂದ ಆ ಶಕ್ತಿಯು ಮೊದಲೇ ಅವಳಲ್ಲಿತ್ತು. ಮಗನನ್ನು ದೂರದ ಶಾಲೆಗೂ ಅಷ್ಟೇ ಬುದ್ಧಿವಂತಳಾದ ಮಗಳನ್ನು ಹತ್ತಿರದ ಶಾಲೆಗೂ ಕಳುಹಿಸುವ ರೂಢಿಯು ಬಂದಳಿಕೆಯ ಈ ಶಾಸನದ ಮುಂದೆ ತಲೆತಗ್ಗಿಸಬೇಕು.

ದೂರವೆಂದ ಮಾತ್ರಕ್ಕೆ ಶಾಲೆ ಉತ್ತಮವೂ ಅಲ್ಲ, ಕೆಟ್ಟದ್ದೂ ಅಲ್ಲ. ಮಯೂರಶರ್ಮನು ಹೊರಟ ತಾಳಗುಂದದಲ್ಲಿಯೇ 12ನೆಯ ಶತಮಾನದ ಹೊತ್ತಿಗೆ ವೇದ, ವ್ಯಾಕರಣ, ಮೀಮಾಂಸೆಗಳ ಜೊತೆಗೆ ಮಕ್ಕಳಿಗೆ ಕನ್ನಡ ಅಕ್ಷರಶಿಕ್ಷೆಯನ್ನು ನೀಡಲೂ ದತ್ತಿಯಿತ್ತೆಂದು ಶಾಸನದಿಂದ ತಿಳಿಯುತ್ತದೆ. ಬುನಾದಿಯ ಪಾಠವು ಊರಿನಲ್ಲಿ, ತಾಯ್ನುಡಿಯಲ್ಲಿ ನಡೆಯಬೇಕು, ಅದಕ್ಕೂ ಊರವರೇ ದತ್ತಿ ಕೊಡಬೇಕು ಎಂಬ ವಿವೇಕವು ಇದರಲ್ಲಿ ಕಾಣುತ್ತದೆ.

ಇಂದು ಇದೇ ತಾಲ್ಲೂಕುಗಳ ಗ್ರಾಮೀಣ ಮಗುವಿಗೆ ದಾರಿಗಳು ಹೆಚ್ಚಿವೆ. 2009ರ ಶಿಕ್ಷಣ ಹಕ್ಕು ಕಾಯಿದೆಯಿಂದ 6ರಿಂದ 14 ವರ್ಷದ ಎಲ್ಲ ಮಕ್ಕಳಿಗೂ ಶಿಕ್ಷಣವು ಹಕ್ಕಾಗಿದೆ. 1980ರ ದಶಕದಲ್ಲಿ ಆರಂಭವಾದ ಜವಾಹರ ನವೋದಯ ವಿದ್ಯಾಲಯಗಳು ಆರನೆಯ ತರಗತಿಯಿಂದ ಪರೀಕ್ಷೆಯ ಮೂಲಕ ಮಕ್ಕಳನ್ನು ಆರಿಸಿ, ಊಟ ವಸತಿಗಳೊಡನೆ ಓದಿಸುತ್ತವೆ. ಶೇಕಡಾ 75ರಷ್ಟಾದರೂ ಸ್ಥಾನಗಳು ಗ್ರಾಮೀಣ ಮಕ್ಕಳಿಗೆ ಮೀಸಲು. ಶಿವಮೊಗ್ಗ ಜಿಲ್ಲೆಯ ನವೋದಯವು ಗಾಜನೂರಿನಲ್ಲಿದೆ. ಇವಲ್ಲದೆ ಖಾಸಗಿ ವಸತಿಶಾಲೆಗಳೂ ಸಮಾಜದ ವಿದ್ಯಾರ್ಥಿನಿಲಯಗಳೂ ಇವೆ. ಹತ್ತು ಹನ್ನೊಂದು ವರ್ಷದ ಮಗುವು ಮನೆಯನ್ನು ಬಿಟ್ಟು ಹೋಗಬೇಕಾದಾಗ ನಾಲ್ಕು ದಾನಗಳ ಅಳತೆಗೋಲು ಬಹಳ ಉಪಯುಕ್ತ.

ಶಾಸ್ತ್ರದಾನ: ಪಾಠವು ಮಗುವಿನ ಬುದ್ಧಿಯ ವೇಗಕ್ಕೆ ತಕ್ಕಂತಿದೆಯೆ, ತಪ್ಪು ಪ್ರಶ್ನೆಗೂ ಉತ್ತರಿಸುವ ತಾಳ್ಮೆ ಗುರುವಿಗೆ ಇದೆಯೆ, ಪಠ್ಯವನ್ನು ಮೀರಿದ ಪುಸ್ತಕಗಳು ಇವೆಯೆ? ಆಹಾರದಾನ: ಮಗುವಿನ ಆಹಾರನಿಯಮಕ್ಕೆ ಅಲ್ಲಿ ಗೌರವವಿದೆಯೆ? ಸೂರ್ಯಾಸ್ತಕ್ಕೆ ಮುನ್ನ ಉಣ್ಣುವ, ಗೆಡ್ಡೆಗೆಣಸುಗಳನ್ನು ವರ್ಜಿಸುವ ಮಗುವನ್ನು ಪಂಕ್ತಿಯಲ್ಲಿ ನಗೆಪಾಟಲು ಮಾಡುವರೆ? ಔಷಧದಾನ: ಜ್ವರ ಬಂದ ರಾತ್ರಿ ಪಕ್ಕದಲ್ಲಿ ಕೂರುವವರು ಇದ್ದಾರೆಯೆ, ಮನಸ್ಸು ಕುಗ್ಗಿದಾಗ ಗುರುತಿಸುವವರು ಇದ್ದಾರೆಯೆ? ಅಭಯದಾನ: ಅವಮಾನವಾದಾಗ ಮಗುವು ಹೋಗಿ ಹೇಳಿಕೊಳ್ಳಲು ಒಬ್ಬರಾದರೂ ಇದ್ದಾರೆಯೆ? ಹಿರಿಯ ವಿದ್ಯಾರ್ಥಿಗಳ ಕಾಟಕ್ಕೆ ಕಡಿವಾಣವಿದೆಯೆ? ಒಮ್ಮೆ ಕಡಿಮೆ ಅಂಕ ಬಂದರೆ ಮನೆಯಲ್ಲಿಯೂ ಶಾಲೆಯಲ್ಲಿಯೂ ಕ್ಷಮೆ ಇದೆಯೆ? ಈ ಕೊನೆಯ ಪ್ರಶ್ನೆಗೆ ಉತ್ತರವು ಶಾಲೆಗಿಂತ ಹೆಚ್ಚಾಗಿ ತಂದೆತಾಯಿಗಳ ಕೈಯಲ್ಲಿದೆ.

ಬಸದಿಗಳ ಆಡಳಿತ ಮಂಡಳಿಗಳಿಗೂ ಇಲ್ಲಿ ಕೆಲಸವಿದೆ. ಅಂಕಗಳನ್ನು ನೋಡಿ ವರ್ಷಕ್ಕೊಮ್ಮೆ ವೇದಿಕೆಯ ಮೇಲೆ ಬಹುಮಾನವನ್ನು ನೀಡುವುದು ಒಳ್ಳೆಯದೇ. ಆದರೆ ಮಗುವಿಗೆ ಬೇಕಾದುದು ವರ್ಷವಿಡೀ ನಡೆಯುವ ವೈಯಾವೃತ್ಯ. ದೂರದಲ್ಲಿ ಓದುವ ಮಗುವನ್ನು ತಿಂಗಳಿಗೊಮ್ಮೆ ಹೋಗಿ ಕಾಣುವ ಒಬ್ಬ ಶ್ರಾವಕ, ಬಸದಿಯ ಕೋಣೆಯೊಂದರಲ್ಲಿ ಸಂಜೆಯ ವಾಚನಾಲಯ, ಬಡ ಮನೆಯ ಮಗುವಿಗೆ ಹೆಸರು ಬಯಲಾಗದಂತೆ ಸಲ್ಲುವ ಸಹಾಯ, ಇವು ದೊಡ್ಡ ನಿಧಿಯನ್ನು ಬೇಡುವುದಿಲ್ಲ. ಕೋಡಿಯ ಮಠದ ವಿದ್ಯಾಭರಣನು ಮಠದ ಆಡಳಿತಕ್ಕೆ ಕಾಲವನ್ನು ವ್ಯಯಿಸುವುದು ವಿದ್ಯೆಯ ಆನಂದಕ್ಕೆ ಅಡ್ಡಿಯೆಂದು ಬಗೆದು, ಆ ಹೊಣೆಯನ್ನು ಹಿರಿಯ ಶಿಷ್ಯನಿಗೆ ಒಪ್ಪಿಸಿದನೆಂದು ಶಾಸನವಿದೆ. ಕಲಿಸುವವರನ್ನು ಲೆಕ್ಕಪತ್ರದಿಂದ ಬಿಡಿಸಿ, ಕಲಿಸಲು ಬಿಡುವುದೂ ಶಾಸ್ತ್ರದಾನವೇ.

ಬಳ್ಳಿಗಾವೆಯ ಮಲ್ಲಿಕಾಮೋದ ಬಸದಿಯು ಮರದಿಂದ ಕಲ್ಲಿಗೆ ಬದಲಾದುದು ಒಬ್ಬ ಕವಿಯ ಒತ್ತಾಯದಿಂದ. ಆ ಕವಿಯು ಬರೆದುದು ಇಬ್ಬರು ವಿದ್ಯಾರ್ಥಿಗಳ ಭವಭವಾಂತರದ ಕಥೆಯನ್ನು. ಬಸದಿಯ ಜೀರ್ಣೋದ್ಧಾರಕ್ಕೆ ಮುಂದಾಗುವ ಶ್ರಾವಕರು ಬಸದಿಗೆ ಬರುವ ಮಕ್ಕಳಲ್ಲಿ ಯಾರು ಅಗ್ನಿಭೂತಿ, ಯಾರು ವಾಯುಭೂತಿ ಎಂಬುದನ್ನು ಕಾಲವಿರುವಾಗಲೇ ಗುರುತಿಸಿ, ಇಬ್ಬರಿಗೂ ತಕ್ಕ ಸ್ಥಳವನ್ನು ಹುಡುಕಿಕೊಟ್ಟರೆ ಚತುರ್ವಿಧ ದಾನವು ಸಾರ್ಥಕವಾಗುತ್ತದೆ.